ದುರ್ಗ ಬಿದ್ದಿತೋ, ಮುಳುಗಿತೋ? ತರಾಸು ಇಟ್ಟ ‘ಅಸ್ತಮಾನ’

ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ‘ದುರ್ಗಕ್ಕೆ ಒಂದು ಟಿಕೆಟ್’ ಅಂದರೆ ಯಾವ ದುರ್ಗ ಅಂತ ಯಾರೂ ಕೇಳುವುದಿಲ್ಲ. ಹೊಸದುರ್ಗಕ್ಕೆ ಹೋಗುವವರು ಹೊಸದುರ್ಗ ಅಂತ ಬಿಡಿಸಿ ಹೇಳಬೇಕು, ಬರೀ ದುರ್ಗ ಅಂದರೆ ಚಿತ್ರದುರ್ಗವೇ. 1997ರಲ್ಲಿ ನಮ್ಮದು ಬೇರೆ ಜಿಲ್ಲೆ ಆಗುವವರೆಗೂ ಡಿಸಿ ಆಫೀಸಿನ ಕೆಲಸಕ್ಕೂ ಅಲ್ಲಿಗೇ ಹೋಗಬೇಕಿತ್ತು. ಹಾಗಾಗಿ ತ.ರಾ. ಸುಬ್ಬರಾಯರು, ಅಂದರೆ ನಮ್ಮ ತರಾಸು, 1982ರಲ್ಲಿ ಬಂದ ತಮ್ಮ ಕಾದಂಬರಿಗೆ ‘ದುರ್ಗಾಸ್ತಮಾನ’ ಅಂತ ಹೆಸರಿಟ್ಟಾಗ ಮೊದಲರ್ಧ ಈ ಕಡೆಯವರಿಗೆ ಹೊಸದಾಗಿರಲಿಲ್ಲ. ಹೊಸದು ಎರಡನೆಯದು: ಅಸ್ತಮಾನ.

ಈ ಹೆಸರನ್ನು ಈಗಲೂ ಎಷ್ಟೋ ಜನ ‘ದುರ್ಗಾ ಸ್ತಮಾನ’ ಅಂತ ದೇವಿಯ ಹೆಸರಿನ ಹಾಗೆ ಮುರಿದು ಹೇಳುತ್ತಾರೆ. ದುರ್ಗ, ಅಸ್ತಮಾನ ಎರಡೂ ಕೂಡಿದಾಗ ಅಸ್ತಮಾನದ ‘ಅ’ ಹಿಂದಿನ ದೀರ್ಘದಲ್ಲಿ ಕರಗಿಹೋಗುತ್ತದೆ, ಸ್ಕೂಲಿನಲ್ಲಿ ಕಲಿತ ಸವರ್ಣದೀರ್ಘ ಸಂಧಿ.

ಕಥೆಯ ಹಿನ್ನೆಲೆ ಗೊತ್ತಿರುವಂಥದ್ದೇ. 1568ರ ಹೊತ್ತಿಗೆ ವಿಜಯನಗರದ ಕೈಕೆಳಗೆ ತಿಮ್ಮಣ್ಣನಾಯಕನಿಂದ ಶುರುವಾದ ಪಾಳೆಯಪಟ್ಟು ಅದು. ಹಿರೇಮದಕರಿನಾಯಕ 1748ರಲ್ಲಿ ಬಿದನೂರಿನವರ ಜೊತೆ ಕಾದಾಡುತ್ತಾ ಮಾಯಕೊಂಡದಲ್ಲಿ ಸತ್ತ. ಮಾಯಕೊಂಡ ಈಗ ದಾವಣಗೆರೆ ಜಿಲ್ಲೆಯಲ್ಲೇ ಇದೆ. ಕೊನೆಯ ಮದಕರಿನಾಯಕ 1754ರಲ್ಲಿ ಪಟ್ಟಕ್ಕೆ ಬಂದ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ. ಕಾದಂಬರಿ ಇರುವುದು ಈ ಕೊನೆಯ ನಾಯಕನ ಬಗ್ಗೆ.

ಇಂಗ್ಲಿಷ್ ಚರಿತ್ರೆಕಾರರು 1779ನ್ನು ಹೈದರನ ದಂಡಯಾತ್ರೆಯ ಲೆಕ್ಕದಲ್ಲಿ ಒಂದು ಬಾಬ್ತಾಗಿ ಬರೆದುಕೊಂಡರು. ಅವರ ಪ್ರಕಾರ ಕೋಟೆ ‘ವಶವಾಯಿತು’. ವಶ ಅಂದರೆ ಗೆದ್ದವನ ಮಾತು. ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಶಾಸನ, ಕಡತ ಹುಡುಕಿ ದುರ್ಗದ ಚರಿತ್ರೆಯನ್ನು ಕನ್ನಡದಲ್ಲೇ ಕಟ್ಟಿದರು. ತರಾಸು ಆ ಚರಿತ್ರೆಯನ್ನು ಕಾದಂಬರಿಗೆ ತಂದರು. ಅವರು ಹುಟ್ಟಿದ್ದು 1920ರಲ್ಲಿ ಮಲೇಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ಕಡೆಯ ತಳುಕಿನದು. ಅಂದರೆ ಈಗಿನ ಎರಡು ಜಿಲ್ಲೆಯವರೂ ನಮ್ಮವರು ಅನ್ನಬಹುದು, ಅನ್ನುತ್ತಾರೆ ಕೂಡ.

ಅವರ ದುರ್ಗದ ಕಾದಂಬರಿಗಳ ಹೆಸರನ್ನು ಒಟ್ಟಿಗೆ ಇಟ್ಟು ನೋಡಿ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ. ದಳವಾಯಿ ಮುದ್ದಣ್ಣನ ಕಾಲದ ಒಳಸಂಚು, ಕೊಲೆಗಳ ಕಥೆ ಈ ಮೂರರಲ್ಲಿದೆ. ಆಮೇಲೆ ಹೊಸಹಗಲು. ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ ದಾಟಿದರೆ ಕೊನೆಗೆ ದುರ್ಗಾಸ್ತಮಾನ. ರಾತ್ರಿ ಆಯಿತು, ಹಗಲಾಯಿತು, ಹೊತ್ತು ಮುಳುಗಿತು. ಇಷ್ಟು ವರ್ಷಗಳ ಬರವಣಿಗೆಯಲ್ಲಿ ಇದನ್ನು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು ಅಂತ ನಾನು ಹೇಳಲಾರೆ. ಆದರೆ ಕೊನೆಯ ಪುಸ್ತಕಕ್ಕೆ ‘ಪತನ’ ಅಂತ ಇಟ್ಟಿದ್ದರೆ ಈ ಸಾಲು ತಪ್ಪುತ್ತಿತ್ತು, ಅಲ್ವಾ?

ಪತನ ಅಂದರೆ ಬೀಳುವುದು. ಬಿದ್ದದ್ದು ಒಡೆಯುತ್ತದೆ. ದುರ್ಗ ಒಡೆದಿಲ್ಲ. ಏಳು ಸುತ್ತಿನ ಕೋಟೆ, ಅಕ್ಕ-ತಂಗಿ ಹೊಂಡ, ತುಪ್ಪದ ಕೊಳ, ಏಕನಾಥೇಶ್ವರಿ ಗುಡಿ, ಊರೊಳಗೆ ರಂಗಯ್ಯನ ಬಾಗಿಲು, ಎಲ್ಲ ಈಗಲೂ ನಿಂತಿವೆ. ಹೋಗಿದ್ದು ನಾಯಕರ ಆಳ್ವಿಕೆ ಮಾತ್ರ. ‘ಅಸ್ತ’ಕ್ಕೆ ಹೊಂದುವುದೂ ಅದೇ. ವೇದಕಾಲದ ಸಂಸ್ಕೃತದಲ್ಲಿ ಅಸ್ತ ಅಂದರೆ ಮನೆ, ಸೂರ್ಯ ಮನೆಗೆ ಹೋದ ಅನ್ನುವ ಮಾತು. ಪಂಚಾಂಗದಲ್ಲಿ ಶುಕ್ರಾಸ್ತ ಅಂತ ಬರೆದಿರುತ್ತದೆ, ಆ ದಿನಗಳಲ್ಲಿ ಮದುವೆ ಮುಹೂರ್ತ ಇಡುವುದಿಲ್ಲ. ಶುಕ್ರ ಎಲ್ಲೂ ಹೋಗಿರುವುದಿಲ್ಲ, ಸೂರ್ಯನ ಪಕ್ಕ ಬಂದು ನಮ್ಮ ಕಣ್ಣಿಗೆ ಮರೆಯಾಗಿರುತ್ತದೆ, ಅಷ್ಟೇ. ಪದ ಹಾಗೆ ಕೂತಿದೆ, ಬೇರೊಂದು ತಂದಿಟ್ಟರೆ ಕೂರುವುದಿಲ್ಲ.

ಆದರೂ ನನಗೊಂದು ತಕರಾರಿದೆ. ಅಸ್ತಮಾನಕ್ಕೆ ಯಾರೂ ಕಾರಣ ಬೇಕಿಲ್ಲ. ಸೋಲು ಅಂದ ಕೂಡಲೆ ಗೆದ್ದವರು ಯಾರು ಅಂತ ಕೇಳುತ್ತೇವೆ. ಹೊತ್ತು ಮುಳುಗಿದರೆ ಯಾರು ಮುಳುಗಿಸಿದರು ಅಂತ ಕೇಳುತ್ತೇವಾ? ಅದು ತಾನಾಗೇ ಆಗುವಂಥದ್ದು. ದುರ್ಗದ ಕಥೆ ತಾನಾಗೇ ಆದದ್ದಲ್ಲ. ಮದಕರಿನಾಯಕ ಮೊದಲು ಹೈದರನ ಪರವಾಗಿ ಯುದ್ಧಕ್ಕೆ ಹೋದವನು, ಆಮೇಲೆ ಮರಾಠರ ಕಡೆ ವಾಲಿದ. 1777ರ ಮುತ್ತಿಗೆ ತಿಂಗಳುಗಟ್ಟಲೆ ನಡೆದು ಕೊನೆಗೆ ರಾಜಿಯಲ್ಲಿ ನಿಂತಿತು. ಹೈದರ ಮತ್ತೆ ಬಂದಾಗ ನಾಯಕನ ಸೈನ್ಯದಲ್ಲೇ ಕೆಲವರು ಆ ಕಡೆ ತಿರುಗಿಕೊಂಡರು ಅಂತ ಗೆಜೆಟಿಯರುಗಳು ಹೇಳುತ್ತವೆ. ನಾಯಕನನ್ನೂ ಮನೆಯವರನ್ನೂ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು ಅನ್ನುವುದೂ ಅವುಗಳಲ್ಲೇ ಇದೆ. ಕಾದಂಬರಿ ಓದುವವರು ಇದನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಇನ್ನೊಂದು ಸಂಗತಿಯನ್ನಂತೂ ಅಸ್ತಮಾನ ಅನ್ನುವ ಪದ ಪೂರ್ತಿ ಮುಚ್ಚಿಬಿಡುತ್ತದೆ. ಕೋಟೆ ಕೈಗೆ ಬಂದ ಮೇಲೆ ಸುಮಾರು 20,000 ಬೇಡರನ್ನು ಹೈದರ ಶ್ರೀರಂಗಪಟ್ಟಣಕ್ಕೆ ಒಯ್ದ, ಅವರ ಹುಡುಗರನ್ನು ಮತಾಂತರಿಸಿ ‘ಚೇಲಾ’ ಪಡೆಗಳನ್ನು ಕಟ್ಟಿದ ಅಂತ ಅದೇ ಇಂಗ್ಲಿಷ್ ಚರಿತ್ರೆಕಾರರು ಬರೆದಿದ್ದಾರೆ. ಗುಡ್ಡದ ಮೇಲೆ ಒಬ್ಬ ದೊರೆ ಅಸ್ತಮಿಸಿದ ಅನ್ನಬಹುದು. ಕೆಳಗೆ ಊರಿನಿಂದ ಮಕ್ಕಳು ಮರಿ ಸಮೇತ ಹೊರಟವರಿಗೆ ಆ ಪದ ಸಾಲುವುದಿಲ್ಲ.

ತರಾಸು 1984ರಲ್ಲಿ ತೀರಿಕೊಂಡರು. ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.