ಅರಿಸ್ಟಾಟಲ್ ಪ್ರಜಾಪ್ರಭುತ್ವವನ್ನು ಕೆಟ್ಟ ಸರ್ಕಾರ ಅಂದದ್ದು ಯಾಕೆ?

ಪ್ರಶ್ನೆ: ಅರಿಸ್ಟಾಟಲ್ ಪ್ರಜಾಪ್ರಭುತ್ವವನ್ನು ಕೆಟ್ಟ ಸರ್ಕಾರಗಳ ಸಾಲಿಗೆ ಯಾಕೆ ಸೇರಿಸಿದ? ಜನ ಮತ ಹಾಕಿ ಆರಿಸುವುದು ತಪ್ಪು ಅಂತಲಾ?

ಪರೀಕ್ಷೆ ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ನಿಧಾನವಾಗಿ ಹೇಳುತ್ತೇನೆ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಸರ್ಕಾರಗಳನ್ನು ವಿಂಗಡಿಸಿದ ಪಟ್ಟಿ ನಿಮಗೆ ಬಾಯಿಪಾಠ ಇದ್ದೇ ಇರುತ್ತದೆ. ಆಳುವವರು ಒಬ್ಬರು, ಕೆಲವರು ಅಥವಾ ಹಲವರು. ಎಲ್ಲರ ಒಳಿತಿಗೆ ಆಳಿದರೆ ಕ್ರಮವಾಗಿ ರಾಜಪ್ರಭುತ್ವ, ಉತ್ತಮರ ಆಡಳಿತ, ಪಾಲಿಟಿ (ಹಲವರ ಒಳ್ಳೆಯ ಆಡಳಿತ). ತಮ್ಮ ಲಾಭಕ್ಕೆ ಆಳಿದರೆ ನಿರಂಕುಶ ಪ್ರಭುತ್ವ, ಆಲಿಗಾರ್ಕಿ (ಶ್ರೀಮಂತರ ಆಡಳಿತ), ಡೆಮಾಕ್ರಸಿ, ಅಂದರೆ ನಾವು ಪ್ರಜಾಪ್ರಭುತ್ವ ಅನ್ನುವುದು. ಅವನ ಲೆಕ್ಕದಲ್ಲಿ ಡೆಮಾಕ್ರಸಿ ಅಂದರೆ ಬಡವರು ಬಡವರಿಗಾಗಿ ಮಾತ್ರ ಆಳುವುದು. ತಲೆ ಎಣಿಕೆ ಮುಖ್ಯವೇ ಅಲ್ಲ. ಒಂದು ನಗರದಲ್ಲಿ ಶ್ರೀಮಂತರೇ ಜಾಸ್ತಿ ಇದ್ದು ಅವರೇ ಆಳಿದರೂ ಅದು ಆಲಿಗಾರ್ಕಿಯೇ. ಇಷ್ಟಾಗಿಯೂ ಮೂರು ಕೆಟ್ಟವುಗಳಲ್ಲಿ ಹೇಗೋ ಸಹಿಸಬಹುದಾದದ್ದು ಡೆಮಾಕ್ರಸಿ ಅಂತ ಅವನೇ ಹೇಳಿದ್ದಾನೆ. ಇದನ್ನು ಯಾರೂ ಓದುವುದೇ ಇಲ್ಲ.

ಈಗ ಆ ಮತದ ವಿಷಯ. ಗ್ರೀಕರ ಡೆಮಾಕ್ರಸಿ ಅಂದರೆ ಚುನಾವಣೆ ಅನ್ನುವ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಅರಿಸ್ಟಾಟಲ್ ಬರೆದದ್ದು ಇದಕ್ಕೆ ಪೂರ್ತಿ ಉಲ್ಟಾ: ಹುದ್ದೆಗಳನ್ನು ಚೀಟಿ ಎತ್ತಿ ತುಂಬುವುದು ಡೆಮಾಕ್ರಸಿಯ ರೀತಿ, ಆರಿಸಿ ತುಂಬುವುದು ಆಲಿಗಾರ್ಕಿಯ ರೀತಿ. ಯೋಚನೆ ಮಾಡಿ. ಆರಿಸಿ ಅಂದರೆ ಜನ ಹೆಸರಿದ್ದವರನ್ನು, ಹಣವಿದ್ದವರನ್ನು, ಚೆನ್ನಾಗಿ ಮಾತಾಡುವವರನ್ನು ಆರಿಸುತ್ತಾರೆ ಅಲ್ವಾ? ಚೀಟಿಗೆ ಮನೆತನ ಗೊತ್ತಿಲ್ಲ. ನಮ್ಮಲ್ಲಿ ಇಬ್ಬರಿಗೂ ಸಮ ಮತ ಬಿದ್ದಾಗ ಮಾತ್ರ ಚೀಟಿ ಎತ್ತುತ್ತೇವೆ. ಅಥೆನ್ಸ್‌ನಲ್ಲಿ ಅದೇ ದಿನನಿತ್ಯದ ಕ್ರಮ. 500 ಜನರ ಸಭೆಗೆ 10 ಬುಡಕಟ್ಟುಗಳಿಂದ (ಪ್ರಜೆಗಳನ್ನು ಹಂಚಿದ್ದ ಗುಂಪುಗಳು) ತಲಾ 50 ಜನ, ಎಲ್ಲರೂ ಚೀಟಿಯಿಂದ ಬಂದವರು. ಒಬ್ಬನಿಗೆ ಜೀವನದಲ್ಲಿ ಎರಡೇ ಸಲ ಅವಕಾಶ. ನ್ಯಾಯಾಲಯಕ್ಕೆ ವರ್ಷಕ್ಕೆ 6000 ಜನ, 30 ವರ್ಷ ದಾಟಿದವರು. ಇದಕ್ಕೆಂದೇ ಸಾಲು ಸಾಲು ಸೀಳುಗಳಿದ್ದ ಕಲ್ಲಿನ ಯಂತ್ರವೂ ಇತ್ತು. ಸೀಳಿಗೆ ಹೆಸರಿನ ಫಲಕ ಸಿಕ್ಕಿಸಬೇಕು. ಕೊಳವೆಯಿಂದ ಬಿಳಿ ಗುಂಡು ಬಿದ್ದರೆ ಆ ಸಾಲಿನವರೆಲ್ಲ ಒಳಗೆ, ಕಪ್ಪು ಬಿದ್ದರೆ ಮನೆಗೆ. ಮತ ಹಾಕಿ ಆರಿಸುತ್ತಿದ್ದದ್ದು 10 ಸೇನಾಪತಿಗಳಂಥ ಕೆಲವರನ್ನು ಮಾತ್ರ. ಯುದ್ಧಕ್ಕೆ ಅನುಭವ ಬೇಕು ನೋಡಿ.

ಹಾಗಾಗಿ ಅವನು ಬೈದದ್ದು ನಮ್ಮ ಮತಗಟ್ಟೆಯನ್ನಲ್ಲ. ಅಂದಹಾಗೆ, ಸ್ಟಾಗಿರಾ ಎಂಬ ಬೇರೆ ಊರಿನಿಂದ ಬಂದ ಅರಿಸ್ಟಾಟಲ್ ಅಥೆನ್ಸ್‌ನ ಪ್ರಜೆಯೇ ಆಗಿರಲಿಲ್ಲ. ಆ ಯಂತ್ರಕ್ಕೆ ತನ್ನ ಫಲಕ ಸಿಕ್ಕಿಸುವ ಹಕ್ಕೂ ಅವನಿಗಿರಲಿಲ್ಲ.

ಹಾಗಾದರೆ ಗ್ರೀಕರ ಇನ್ನೊಂದು ನಗರ ಸ್ಪಾರ್ಟಾ ಯಾವ ಬಗೆ? ಯಾರೂ ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಅಲ್ಲಿ ಇಬ್ಬರು ರಾಜರು, ವರ್ಷಕ್ಕೊಮ್ಮೆ ಬದಲಾಗುವ 5 ಮೇಲ್ವಿಚಾರಕರು, 60 ದಾಟಿದ 28 ಹಿರಿಯರು. ಎಲ್ಲ ಬಗೆಯೂ ಸ್ವಲ್ಪ ಸ್ವಲ್ಪ. ಹಿರಿಯರನ್ನು ಆರಿಸುತ್ತಿದ್ದದ್ದು ಜನರ ಕೂಗಿನಿಂದ. ಪಕ್ಕದ ಕೋಣೆಯಲ್ಲಿ ಕೂತ ಕೆಲವರು, ಜನರ ಮುಂದೆ ಬಂದ ಅಭ್ಯರ್ಥಿಯ ಮುಖ ನೋಡದೆ, ಯಾರಿಗೆ ಕೂಗು ಜೋರು ಅಂತ ಗುರುತು ಹಾಕಿಕೊಳ್ಳುತ್ತಿದ್ದರು. ಅರಿಸ್ಟಾಟಲ್ ಇದನ್ನು ಮಕ್ಕಳಾಟ ಅಂದ. ಹುದ್ದೆ ಬೇಕು ಅಂತ ತಾನೇ ಹೋಗಿ ನಿಲ್ಲುವುದೂ ಅವನಿಗೆ ಸರಿಬರಲಿಲ್ಲ. ಯೋಗ್ಯನಾದವನಿಗೆ ಇಷ್ಟವಿರಲಿ, ಇಲ್ಲದಿರಲಿ, ಹುದ್ದೆ ಅವನಿಗೇ ಸಿಗಬೇಕು ಅಂತ ಬರೆದ.