ಮಾಡೆಲ್ ಆಗೋಕೆ ಎಷ್ಟು ಕೆಜಿ ಇರಬೇಕು?

ಬಳ್ಳಾರಿಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುವ ನನಗೆ ಈಚೆಗೆ ಈ ಪ್ರಶ್ನೆ ಜಾಸ್ತಿ ಬರುತ್ತಿದೆ. ಕೇಳುವವರು ಬರೀ ಹುಡುಗಿಯರಲ್ಲ. ಜೀನ್ಸ್ ಕ್ಯಾಟಲಾಗ್‌ಗೆ ಒಮ್ಮೆ ಫೋಟೋ ತೆಗೆಸಿಕೊಂಡು ಆಸೆ ಹಚ್ಚಿಕೊಂಡ ಹುಡುಗರೂ ಬರುತ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಅಂಥ ಕೆಜಿ ಲೆಕ್ಕ ಇಲ್ಲ.

ಏಜೆನ್ಸಿಯವರು ಮೊದಲು ಕೇಳುವುದು ಎತ್ತರ, ಎದೆ, ಸೊಂಟ, ಹಿಪ್ ಅಳತೆ, ಚಪ್ಪಲಿ ಸೈಜು. ಶೂಟಿಂಗ್‌ಗೆ ತರುವ ಬಟ್ಟೆ ಮೊದಲೇ ಹೊಲಿದ ಸ್ಯಾಂಪಲ್. ಅದು ಮೈಗೆ ಕೂರಬೇಕು, ಅಷ್ಟೇ. ಜೀನ್ಸ್ ಹೊಲಿಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಪ್ಯಾಂಟಿನ ಪಟ್ಟಿ ಮೇಲೆ 28, 30, 32 ಅಂತ ಇಂಚು ಇರುತ್ತದೆ, ಕೆಜಿ ಇರುವುದಿಲ್ಲ. ಒಂದೇ ಎತ್ತರ, ಒಂದೇ ತೂಕದ ಇಬ್ಬರು ಹುಡುಗಿಯರಿಗೆ ಬೇರೆ ಬೇರೆ ಸೈಜು ಕೂರುವುದುಂಟು. ಮೂಳೆಯ ಅಗಲ, ಮಾಂಸಖಂಡ, ಕೊಬ್ಬು ಎಲ್ಲಿ ಕೂತಿದೆ ಅನ್ನುವುದು ತೂಕದ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಮಾಡೆಲಿಂಗ್ ಎಂದರೆ ರ‍್ಯಾಂಪ್ ಒಂದೇ ಅಲ್ಲ. ಸೀರೆ, ಒಡವೆ, ಆನ್‌ಲೈನ್ ಅಂಗಡಿ, ಬ್ಯಾಂಕು, ಆಸ್ಪತ್ರೆಯ ಜಾಹೀರಾತು, ಇವಕ್ಕೆಲ್ಲ ಎಲ್ಲ ಥರದ ಮೈಕಟ್ಟಿನವರೂ ಬೇಕು. ಲ್ಯಾಕ್ಮೆ ಫ್ಯಾಷನ್ ವೀಕ್‌ನಲ್ಲಿ 2016ರಲ್ಲೇ ಪ್ಲಸ್ ಸೈಜ್, ಅಂದರೆ ದಪ್ಪ ಮೈಕಟ್ಟಿನವರ ಶೋ ನಡೆದಿದೆ. ಆದರೆ ರ‍್ಯಾಂಪ್ ಇವತ್ತಿಗೂ ಹೆಚ್ಚಾಗಿ ಎತ್ತರದ, ತೆಳ್ಳಗಿನವರದ್ದೇ. ಅದನ್ನು ಸಿಹಿ ಮಾಡಿ ಹೇಳಲಾರೆ. 5 ಅಡಿ 2 ಇಂಚಿನ ಹುಡುಗಿ ಆರು ಕೆಜಿ ಇಳಿಸಿದರೂ ಎತ್ತರ 5 ಅಡಿ 2 ಇಂಚೇ. ಅವಳ ಮುಖಕ್ಕೆ ಒಡವೆ ಜಾಹೀರಾತು ಚೆನ್ನಾಗಿ ಒಪ್ಪುತ್ತಿದ್ದರೆ ಉಪವಾಸ ಯಾಕೆ ಬೇಕು?

ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನರ ಕಥೆ ಹೀಗಿರುತ್ತದೆ. ಹುಡುಗಿಗೆ 5 ಅಡಿ 6 ಇಂಚು ಎತ್ತರ, 54 ಕೆಜಿ ತೂಕ. ಯಾರೋ "ಇನ್ನೊಂದ್ ಎಂಟು ಕೆಜಿ ಇಳಿಸು" ಅಂದಿದ್ದಾರೆ. ಪಕ್ಕದಲ್ಲಿ ಕೂತ ತಾಯಿಯದು ಒಂದೇ ದೂರು: "ಮೇಡಂ, ರೊಟ್ಟಿ ಮುಟ್ಟಂಗಿಲ್ಲ ನೋಡ್ರಿ ಇಕಿ." ಲೆಕ್ಕ ಹಾಕೋಣ. ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಅವಳದು 19. ಆರೋಗ್ಯದ ಕೆಳಗಿನ ಗೆರೆ 18.5. ಅವಳ ಎತ್ತರಕ್ಕೆ ಅದು 52 ಕೆಜಿ. ಎಂಟು ಕೆಜಿ ಇಳಿಸಿದರೆ 16ರ ಹತ್ತಿರ ಬರುತ್ತಾಳೆ. ಅದು ಮಾಡೆಲ್ ಮೈ ಅಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ.

ಊಟ ಬಿಟ್ಟರೆ ಮೊದಲ ವಾರ ಮುಳ್ಳು ಸರಸರ ಇಳಿಯುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಲಿವರ್ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ದಾಸ್ತಾನು ಖಾಲಿಯಾದಾಗ ನೀರೂ ಹೋಗುತ್ತದೆ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಆಗಬೇಕು. ಈ ಹುಡುಗಿ ಸುಮ್ನೆ ಮಲಗಿದ್ದರೂ ಅವಳ ದೇಹಕ್ಕೆ ದಿನಕ್ಕೆ 1,300 ಕ್ಯಾಲೊರಿ ಆಸುಪಾಸು ಬೇಕು. ಅದಕ್ಕಿಂತ ಕಡಿಮೆ ತಿಂದರೆ ದೇಹ ಖರ್ಚು ತಗ್ಗಿಸುತ್ತದೆ, ಮಾಂಸಖಂಡವನ್ನೂ ಒಡೆಯುತ್ತದೆ. ಮತ್ತೆ ಉಣ್ಣಲು ಶುರು ಮಾಡಿದ ದಿನ ನೀರು ವಾಪಸ್. "ಒಂದು ರೊಟ್ಟಿ ತಿಂದ್ರೂ ಮೈಗೆ ಹತ್ತುತ್ತೆ" ಅಂತ ಅವಳು ನಂಬುವುದು ಆಗಲೇ. ನಲವತ್ತು ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಇರುವುದು 140 ಕ್ಯಾಲೊರಿ ಅಷ್ಟೇ. ಪಾಪ, ರೊಟ್ಟಿ ಏನು ತಪ್ಪು ಮಾಡಿದೆ?

ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತದೆ. ಮನೆಯಲ್ಲಿ ಬೋರ್ ನೀರನ್ನು ಬೈಯುತ್ತಾರೆ. ಆಮೇಲೆ ಮುಟ್ಟು ತಪ್ಪುತ್ತದೆ. ತಿನ್ನುವುದು ಸಾಲದಾದಾಗ ಮೆದುಳೇ ಮುಟ್ಟು ತರಿಸುವ ಹಾರ್ಮೋನುಗಳನ್ನು ತಗ್ಗಿಸುತ್ತದೆ. ಇದನ್ನು ನಾನು ತೂಕಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೂಳೆ ಹೆಚ್ಚಾಗಿ ಗಟ್ಟಿಯಾಗುವುದು ಮೂವತ್ತರ ಒಳಗೆ. ಆಗ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಲ್ಲದೆ ಹೋದರೆ ಆ ನಷ್ಟ ಪೂರ್ತಿ ತುಂಬುವುದು ಕಷ್ಟ. ಮಾತ್ರೆ ನುಂಗಿ ಮುಟ್ಟು ಬರಿಸಿಕೊಂಡರೆ ಮೂಳೆ ಸರಿಹೋಯಿತು ಎಂದಲ್ಲ. ಮೂರು ತಿಂಗಳು ಮುಟ್ಟು ನಿಂತರೆ ಡಯಟ್ ನಿಲ್ಲಿಸಿ ಸ್ತ್ರೀರೋಗ ತಜ್ಞರನ್ನು ನೋಡಿ. ಆಡಿಶನ್ ಮುಂದಿನ ತಿಂಗಳಿದ್ದರೂ ಅಷ್ಟೇ.

ಹುಡುಗರ ಹುಚ್ಚು ಬೇರೆ. ಹೊಟ್ಟೆ ಮೇಲೆ ಗೆರೆ ಕಾಣಬೇಕು ಅಂತ ಶೂಟಿಂಗ್‌ಗೆ ಮುಂಚೆ ನೀರು ಬಿಡುತ್ತಾರೆ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪಬಹುದು. ಜಿಮ್‌ನಲ್ಲಿ ಯಾರೋ ಕೊಟ್ಟ ಮಾತ್ರೆ, ಪುಡಿ ಯಾವುದನ್ನೂ ನಾನು ಒಪ್ಪುವುದಿಲ್ಲ. ಚರ್ಚೆಯನ್ನೂ ಮಾಡುವುದಿಲ್ಲ.

ಇನ್ನು ಕ್ಯಾಮೆರಾ. ಇದು ನನ್ನ ವಿಷಯ ಅಲ್ಲ, ಆದರೂ ಹೇಳಲೇಬೇಕು. ಮೊಬೈಲನ್ನು ಕೈ ಚಾಚಿ ಹಿಡಿದು ಸೆಲ್ಫಿ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಗ್ರೂಪ್ ಫೋಟೋದ ಅಂಚಿನಲ್ಲಿ ನಿಂತವರ ಮೈ ಅಗಲವಾಗಿ ಎಳೆದಂತೆ ಬರುತ್ತದೆ. ಮೊದಲನೆಯದು ತೀರಾ ಹತ್ತಿರದಿಂದ ತೆಗೆದದ್ದರ ಫಲ, ಎರಡನೆಯದು ವೈಡ್ ಲೆನ್ಸ್‌ನ ಕೆಲಸ. ಆ ಫೋಟೋ ನೋಡಿ ರಾತ್ರಿ ಊಟ ಬಿಟ್ಟವರನ್ನು ನಾನು ಕಂಡಿದ್ದೇನೆ. ಎಂಟು ಹತ್ತು ಅಡಿ ದೂರದಿಂದ, ಎರಡು ಪಟ್ಟು ಜೂಮ್ ಹಾಕಿ, ಖಾಲಿ ಗೋಡೆ ಮುಂದೆ, ಮೇಕಪ್ ಇಲ್ಲದೆ ತೆಗೆಸಿ ನೋಡಿ. ಏಜೆನ್ಸಿಗಳೂ ಮೊದಲು ಇಂಥ ಸಾದಾ ಫೋಟೋಗಳನ್ನೇ ಕೇಳುತ್ತವೆ.

ಫ್ಯಾಷನ್ ಲೋಕಕ್ಕೂ ಕಡಿವಾಣ ಹಾಕಬೇಕಾಯಿತು. 2006ರಲ್ಲಿ ಮ್ಯಾಡ್ರಿಡ್ ಫ್ಯಾಷನ್ ವೀಕ್ ಬಿಎಂಐ 18ಕ್ಕಿಂತ ಕಡಿಮೆ ಇರುವ ಮಾಡೆಲ್‌ಗಳನ್ನು ವಾಪಸ್ ಕಳಿಸಿತು. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ಗಳಿಗೆ ವೈದ್ಯರ ಸರ್ಟಿಫಿಕೇಟ್ ಬೇಕು. ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ತಿದ್ದಿದ ಜಾಹೀರಾತು ಫೋಟೋ ಮೇಲೆ ಹಾಗಂತ ಬರೆಯಬೇಕು. ಇಲ್ಲಿಂದ ಬೆಂಗಳೂರಿಗೆ ಆಡಿಶನ್‌ಗೆ ಹೊರಟವರಿಗೆ ಯಾರು ಸರ್ಟಿಫಿಕೇಟ್ ಕೇಳುತ್ತಾರೆ? ಅದಕ್ಕೇ ನಾನು ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಮುಟ್ಟಿನ ತಾರೀಖು ಕೇಳುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಮುಖದಲ್ಲಿ ಕಳೆ ಇಲ್ಲ ಅಂತ ಕ್ರೀಮು ಕೊಳ್ಳುವ ಮುಂಚೆ ಇದನ್ನು ನೋಡಿ.

ನಿಜವಾಗಿಯೂ ಕೊಬ್ಬು ಜಾಸ್ತಿ ಇದ್ದವರಿಗೆ ತಿಂಗಳಿಗೆ ಒಂದೆರಡು ಕೆಜಿ ಇಳಿದರೆ ಸಾಕು. ರೊಟ್ಟಿ, ಬೇಳೆ, ಮೊಳಕೆ ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ. ಶೇಂಗಾ ಚಟ್ನಿ ಒಂದು ಚಮಚ ಇರಲಿ. ಸಂಜೆಯ ಒಗ್ಗಾಣಿ ಮಿರ್ಚಿ ವಾರಕ್ಕೊಮ್ಮೆ ಆದರೆ ನನ್ನ ತಕರಾರಿಲ್ಲ. ದಿನಾ ಆದರೆ ಇದೆ.

ಮನೆಯವರಿಗೆ ಒಂದು ಮಾತು. ಊಟ ಆದ ಕೂಡಲೇ ಬಚ್ಚಲಿಗೆ ಹೋಗುವುದು, ಬೆರಳು ಹಾಕಿ ವಾಂತಿ ಮಾಡಿ ಬೆರಳಿನ ಗಂಟಿನ ಮೇಲೆ ಆದ ಗಾಯದ ಗುರುತು, ಊದಿದ ಕೆನ್ನೆ, ಸವೆದ ಹಲ್ಲು, ಸೆಕೆಯಲ್ಲೂ ಚಳಿ ಅನ್ನುವುದು, ದಿನಕ್ಕೆ ಹತ್ತು ಸಲ ತೂಕ ನೋಡುವುದು ಕಂಡರೆ "ತಿನ್ನು, ತಿನ್ನು" ಅಂತ ಬೈಯಬೇಡಿ. ಅದು ಹಟ ಅಲ್ಲ, ಕಾಯಿಲೆ. ಬರೀ ಡಯಟ್ ಚಾರ್ಟ್ ಬರೆದುಕೊಟ್ಟು ನಾನು ಅದನ್ನು ವಾಸಿ ಮಾಡಲಾರೆ. ಮನೋವೈದ್ಯರೂ ಬೇಕು. ತುಂಬಾ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಜಾಸ್ತಿ ಉಣಿಸುವುದೂ ಅಪಾಯ. ಅದನ್ನು ಡಾಕ್ಟರು ನೋಡಿಕೊಂಡೇ ಮಾಡಬೇಕು. ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.