ತೋಟಾ ಒಳಗೆ ಕೂತರೆ ಸಾಕಾ?

ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗ ಮೊನ್ನೆ ಎರಡು ಫೋಟೋ ಕಳಿಸಿದ್ದ. ಒಂದರಲ್ಲಿ ಹೊಸದಾಗಿ ಕೊಂಡ ರಿವಾಲ್ವರ್. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ತದ್ರೂಪು, ಇಟಲಿಯಲ್ಲಿ ಮಾಡಿದ್ದು. ಇನ್ನೊಂದರಲ್ಲಿ ಅದಕ್ಕೆ ಹಾಕುವ ಅಳತೆಯ, .45 ಕೋಲ್ಟ್ ಎಂಬ ಹೆಸರಿನ ತೋಟಾಗಳ ಡಬ್ಬಿ. ರುಗರ್ ಕಂಪನಿಯದರಂಥ ಗಟ್ಟಿ ರಿವಾಲ್ವರ್‌ಗೆ ಮಾತ್ರ ಎಂದು ಡಬ್ಬಿಯ ಮೇಲೇ ಬರೆದಿತ್ತು. ಕೆಳಗೆ ಅವನ ಪ್ರಶ್ನೆ: "ಮಾವ, ತೋಟಾ ಸಲೀಸಾಗಿ ಒಳಗೆ ಕೂರುತ್ತೆ. ಹೊಡೀಬಹುದಲ್ವಾ?"

ಬೇಡ ಮಾರಾಯ, ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಅವನಿಗೆ ನಿದ್ದೆ ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒತ್ತಡದ ಅಂದಾಜು. ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 15 ಪಿಎಸ್‌ಐಗೆ, ಅಂದರೆ ಒಂದು ಚದರ ಇಂಚಿಗೆ 15 ಪೌಂಡ್ ಒತ್ತಡಕ್ಕೆ. ಕಾರಿನ ಟೈರಿಗೆ 30ರ ಆಸುಪಾಸು ಗಾಳಿ ಹಾಕಿಸುತ್ತೇವೆ. ಮಾಮೂಲಿ .45 ಕೋಲ್ಟ್ ತೋಟಾಕ್ಕೆ ಅಮೆರಿಕದ ಉದ್ಯಮ ಇಟ್ಟಿರುವ ಮಿತಿ 14,000 ಪಿಎಸ್‌ಐ. ಸಮುದ್ರದ ಅತಿ ಆಳವಾದ ಮರಿಯಾನಾ ಕಂದಕದ ತಳದಲ್ಲಿ ಇರುವುದು ಇದಕ್ಕಿಂತ ಸ್ವಲ್ಪವೇ ಜಾಸ್ತಿ, 16,000ದ ಹತ್ತಿರ. ಅಂದರೆ ತೋಟಾ ಕೂರುವ ಬೆರಳುಗಾತ್ರದ ಗೂಡಿನೊಳಗೆ ಕ್ಷಣಮಾತ್ರ ಒಂದು ಸಮುದ್ರದ ತಳ ಹುಟ್ಟಿ ಸಾಯುತ್ತದೆ. ಹುಡುಗ ತಂದಿದ್ದ ಡಬ್ಬಿಯ ಥರದ ಬಿರುಸಿನ ತೋಟಾಗಳು (ಬಿಸಿ ತೋಟಾ ಅನ್ನೋಣ) ಮಾಮೂಲಿ ಮಿತಿಯ ಎರಡು ಪಟ್ಟು ಒತ್ತಡ ಎಬ್ಬಿಸುತ್ತವೆ.

"ಉಕ್ಕು ಅಲ್ವಾ, ತಡೆಯುತ್ತೆ ಬಿಡಿ" ಅನ್ನುವವರು ತುಂಬ ಜನ. ಅವರಿಗಾಗಿ ಗೇಬ್ರಿಯಲ್ ಲಾಮೆ ಎಂಬ ಫ್ರೆಂಚ್ ಗಣಿತಜ್ಞನನ್ನು ಕರೆಯಬೇಕು. ದಪ್ಪ ಗೋಡೆಯ ಕೊಳವೆಯಲ್ಲಿ ಒತ್ತಡ ಹೇಗೆ ಹಂಚಿಕೊಳ್ಳುತ್ತದೆ ಎಂದು 19ನೇ ಶತಮಾನದ ಮೊದಲರ್ಧದಲ್ಲೇ ಲೆಕ್ಕ ಹಾಕಿದವನು. ಅವನ ಲೆಕ್ಕದ ಸಾರ ಇಷ್ಟು: ಭಾರ ಸಮವಾಗಿ ಹಂಚಿಹೋಗುವುದಿಲ್ಲ. ಒಳಗಿನ ಪದರ ಅತಿ ಜಾಸ್ತಿ ಎಳೆತ ತಿನ್ನುತ್ತದೆ, ಹೊರಗಿನದು ನೋಡಿಕೊಂಡು ಕೂರುತ್ತದೆ. ಈರುಳ್ಳಿಯನ್ನು ಒಳಗಿನಿಂದ ಉಬ್ಬಿಸಿದ ಹಾಗೆ. ಅಥವಾ ತುಂಬಿದ ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಂತವನ ಹಾಗೆ: ಹಿಂದಿನ ಸೀಟಿನವನಿಗೆ ನೂಕುನುಗ್ಗಲೇ ಗೊತ್ತಾಗುವುದಿಲ್ಲ.

ಲೆಕ್ಕ ಮಾಡಿಯೇ ನೋಡೋಣ. ಒಂಟಿ ಕೊಳವೆ, ಒಳಗಿನ ತ್ರಿಜ್ಯ 6 ಮಿಲಿಮೀಟರ್ ಅಂದುಕೊಳ್ಳಿ. ಗೋಡೆ 2 ಮಿಲಿಮೀಟರ್ ದಪ್ಪ ಇದ್ದರೆ, ಒಳಮೈಯ ಎಳೆತ ಅನಿಲದ ಒತ್ತಡದ 3.6 ಪಟ್ಟು. ಗೋಡೆಯನ್ನು ಮೂರು ಪಟ್ಟು ಮಾಡಿ, 6 ಮಿಲಿಮೀಟರ್. ಎಳೆತ ಮೂರನೇ ಒಂದಕ್ಕೆ ಇಳಿಯಬೇಕಿತ್ತಲ್ಲ? ಇಳಿಯುವುದು 1.7 ಪಟ್ಟಿಗೆ. 18 ಮಿಲಿಮೀಟರ್ ಮಾಡಿದರೂ 1.1ರ ಮೇಲೆಯೇ. ಊರಗಲ ದಪ್ಪ ಮಾಡಿದರೂ ಒಳಮೈಯ ಎಳೆತ ಒತ್ತಡಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ನನಗೆ ಇದು ಮೊದಲು ಗೊತ್ತಾದಾಗ ಕಾಗದ ಪೆನ್ಸಿಲ್ ಹಿಡಿದು ಮೂರು ಸಲ ಲೆಕ್ಕ ಮಾಡಿದ್ದೆ.

ಇದಕ್ಕೆ ಉಪಾಯ ನಮ್ಮ ಕಮ್ಮಾರರಿಗೆ ಗೊತ್ತಿತ್ತು. ಎತ್ತಿನಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದ್ದೀರಾ? ಪಟ್ಟಿಯನ್ನು ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುತ್ತಾರೆ. ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ. 1850ರ ದಶಕದಲ್ಲಿ ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ತನ್ನ ಫಿರಂಗಿಗಳಿಗೆ ಮಾಡಿದ್ದೂ ಇದನ್ನೇ. ಒಳಗಿನ ಪದರ ಮೊದಲೇ ಅದುಮಿಕೊಂಡಿರುವುದರಿಂದ ಎಳೆತ ಶುರುವಾಗುವುದು ತಡ. ಆದರೆ ರಿವಾಲ್ವರಿನ ಸಿಲಿಂಡರಿಗೆ ಪಟ್ಟಿ ಎಲ್ಲಿ ಹಾಕುತ್ತೀರಿ? ಒಂದೇ ಉಕ್ಕಿನ ತುಂಡಿನಲ್ಲಿ ಆರು ತೂತು ಕೊರೆದದ್ದು ಅದು.

ಆ ಆರು ತೂತಿನಲ್ಲೇ ಇರುವುದು ಎಲ್ಲ ತಾಪತ್ರಯ. ಇಡ್ಲಿ ತಟ್ಟೆ ನೆನಪು ಮಾಡಿಕೊಳ್ಳಿ. ತಟ್ಟೆ ಅಷ್ಟೇ ಇದ್ದು ಗುಳಿ ದೊಡ್ಡದು ಮಾಡಿದರೆ, ಗುಳಿಗಳ ನಡುವಿನ ಜಾಗವೂ ಅಂಚಿನ ಜಾಗವೂ ಒಟ್ಟಿಗೇ ಕಮ್ಮಿಯಾಗುತ್ತವೆ. .45ರ ಗೂಡಿನ ವ್ಯಾಸ ಸುಮಾರು 12.3 ಮಿಲಿಮೀಟರ್, .357 ಮ್ಯಾಗ್ನಮ್ ಎಂಬ ಇನ್ನೊಂದು ಬಿರುಸಿನ ತೋಟಾದ್ದು ಸುಮಾರು 9.7. ಅದೇ ಸಿಲಿಂಡರಿನಲ್ಲಿ ಸಣ್ಣ ಗೂಡು ಕೊರೆದರೆ ಹೊರಗೋಡೆ ಇದ್ದದ್ದಕ್ಕಿಂತ 1.3 ಮಿಲಿಮೀಟರ್ ಹೆಚ್ಚು ದಪ್ಪವಾಗುತ್ತದೆ, ಗೂಡುಗಳ ನಡುವಿನ ಗೋಡೆ ಹೆಚ್ಚುವುದು ಅದರ ಎರಡರಷ್ಟು. ಅದಕ್ಕೇ ನೋಡಲು ಅವಳಿ-ಜವಳಿಯಂತಿರುವ ಎರಡು ತದ್ರೂಪುಗಳಲ್ಲಿ .357ರದ್ದು 35,000 ಪಿಎಸ್‌ಐ ತಡೆಯುತ್ತದೆ, .45ರದ್ದು ತಡೆಯುವುದಿಲ್ಲ. ದೊಡ್ಡ ಗುಂಡಿನ ಬಂದೂಕೇ ಗಟ್ಟಿ ಅನ್ನುವ ನಂಬಿಕೆ ಇಲ್ಲಿ ತಲೆಕೆಳಗು.

ಇನ್ನೂ ಒಂದು ಇದೆ. ಸಿಲಿಂಡರ್ ತಿರುಗಿ ಸರಿಯಾದ ಜಾಗದಲ್ಲಿ ನಿಲ್ಲಬೇಕಲ್ಲ, ಅದಕ್ಕೆ ಹೊರಮೈಯಲ್ಲಿ ಆರು ಕಚ್ಚು ಹೊಡೆದಿರುತ್ತಾರೆ. ಹಳೆ ಕೋಲ್ಟ್ ವಿನ್ಯಾಸದಲ್ಲಿ ಆ ಕಚ್ಚು ಬೀಳುವುದು ಹೆಚ್ಚುಕಡಿಮೆ ಗೂಡಿನ ನೆತ್ತಿಯ ಮೇಲೇ, ಗೋಡೆ ಅತಿ ತೆಳ್ಳಗಿರುವಲ್ಲಿ. ಐದೇ ಗೂಡು ಕೊರೆದರೆ ಕಚ್ಚು ಎರಡು ಗೂಡುಗಳ ನಡುವಿನ ದಪ್ಪ ಉಕ್ಕಿನ ಮೇಲೆ ಬೀಳುತ್ತದೆ. ಅತಿ ಬಿರುಸಿನ ತೋಟಾ ಹಾಕುವ ಕೆಲವು ರಿವಾಲ್ವರ್‌ಗಳು ಐದು ಗುಂಡಿನವು ಆಗಿರುವುದು ಸುಮ್ನೆ ಅಲ್ಲ.

ಎಲ್ಮರ್ ಕೀತ್‌ಗೆ ಇದು ಅರಿವಾದದ್ದು 1925ರ ಜುಲೈ 4ರಂದು. ಅಮೆರಿಕದ ದನಗಾಹಿ, ಬಂದೂಕಿನ ಹುಚ್ಚ. ಸ್ವಾತಂತ್ರ್ಯ ದಿನದ ಸಂಭ್ರಮಕ್ಕೆಂದು ಹಳೆಯ .45 ಕೋಲ್ಟ್‌ನಿಂದ ಗಾಳಿಗೆ ಈಡು ಹಾರಿಸಿದ. ಒಳಗಿದ್ದದ್ದು ಅವನೇ ತುಂಬಿಕೊಂಡ ಭಾರದ ತೋಟಾ. ಸಿಲಿಂಡರಿನ ಮೂರು ಗೂಡುಗಳ ಮೇಲರ್ಧ ಹಾರಿಹೋಯಿತು, ಅದರ ಮೇಲಿನ ಚೌಕಟ್ಟಿನ ಪಟ್ಟಿಯೂ ಹೋಯಿತು. ಆಸಾಮಿ ಬದುಕಿದ. ಆಮೇಲೆ .45 ಬಿಟ್ಟು, ಗೂಡು ತುಸು ಸಣ್ಣದಿರುವ .44 ಸ್ಪೆಷಲ್‌ಗೆ ಬಂದ. ಆ ದಾರಿ ಹೋಗಿ ಮುಟ್ಟಿದ್ದು 1955ರ .44 ಮ್ಯಾಗ್ನಮ್‌ಗೆ.

ಕೀತ್ ತುಂಬಿದ್ದು ಹೊಸ ಮದ್ದಲ್ಲ, ಹಳೆಯ ಕರಿಮದ್ದು ಎಂಬುದು ಗಮನಿಸುವಂಥದ್ದು. ಮಲೆನಾಡಿನ ಕೇಪಿನ ಕೋವಿ ಗೊತ್ತಿರುವವರಿಗೆ ಅದರ ಹೊಗೆ ಗೊತ್ತು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಮಸಿ, ಕಿಟ್ಟವಾಗಿಯೇ ಉಳಿಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಮಾಡಿದ ಹೊಗೆರಹಿತ ಮದ್ದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ. ಜೊತೆಗೆ ಒತ್ತಡ ಏರಿದಷ್ಟೂ ಜೋರಾಗಿ ಉರಿಯುತ್ತದೆ, ಜೋರಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಬೇಲಿಗೆ ಬಿದ್ದ ಬೆಂಕಿ ತಾನೇ ಗಾಳಿ ಎಬ್ಬಿಸಿಕೊಂಡ ಹಾಗೆ. ಕೋಲ್ಟ್ ಕಂಪನಿ ತನ್ನ ಈ ರಿವಾಲ್ವರಿಗೆ ಹೊಸ ಮದ್ದು ಹಾಕಬಹುದು ಎಂದು ಭರವಸೆ ಕೊಟ್ಟದ್ದು 1900ರ ಆಸುಪಾಸಿನಲ್ಲಿ.

ಕೊಳವೆ ಗಟ್ಟಿಯಾದಷ್ಟೂ ಒಳಗೆ ಹೆಚ್ಚು ಒತ್ತಡ ಹಿಡಿದಿಡಬಹುದು ಎಂಬುದನ್ನು ಮೈಸೂರಿನವರಿಂದ ಕಲಿಯಬೇಕು. ಯೂರೋಪಿನವರು ಕಾಗದದ ಕೊಳವೆಯ ಬಾಣ ಬಿಡುತ್ತಿದ್ದಾಗ ಹೈದರ್, ಟಿಪ್ಪುವಿನ ಸೇನೆ ಕಬ್ಬಿಣದ ಕೊಳವೆಗೆ ಮದ್ದು ತುಂಬುತ್ತಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ವಿಷಯ ಎಲ್ಲಿಗೋ ಹೋಯಿತು.

ಮತ್ತೆ ತೋಟಾಕ್ಕೆ ಬರೋಣ. 1935ರಲ್ಲಿ .357 ಮ್ಯಾಗ್ನಮ್ ಮಾಡಿದವರು ಜಾಣರು. ಹಳೆ .38 ಸ್ಪೆಷಲ್‌ನ ಹಿತ್ತಾಳೆ ಕೊಳವೆಯನ್ನೇ 3 ಮಿಲಿಮೀಟರ್‌ನಷ್ಟು ಉದ್ದ ಮಾಡಿದರು. ಬಿರುಸಿನ ತೋಟಾ ಹಳೆ ಬಂದೂಕಿನೊಳಗೆ ಪೂರ್ತಿ ಇಳಿಯುವುದೇ ಇಲ್ಲ. .44 ಮ್ಯಾಗ್ನಮ್‌ಗೂ ಇದೇ ಬೀಗ. ಬಿಸಿ .45 ಕೋಲ್ಟ್‌ಗೆ ಆ ಬೀಗ ಇಲ್ಲ. ಮಾಮೂಲಿ ತೋಟಾದಷ್ಟೇ ಉದ್ದ, ಅಷ್ಟೇ ದಪ್ಪ. ಕಾವಲಿಗಿರುವುದು ಡಬ್ಬಿಯ ಮೇಲಿನ ಅಕ್ಷರ ಮಾತ್ರ. ತೋಟಾ ತೆಗೆದು ಜೇಬಿಗೆ ಹಾಕಿಕೊಂಡರೆ ಅದೂ ಹೋಯಿತು.

ಹುಡುಗ ಇನ್ನೊಂದು ವಾದ ಹೂಡಿದ್ದ. ಬಂದೂಕಿನ ಮೇಲೆ ಇಟಲಿ ಸರ್ಕಾರದ ಪರೀಕ್ಷೆಯ ಮುದ್ರೆ ಇದೆಯಂತೆ, ಹೆಚ್ಚಿನ ಒತ್ತಡದಲ್ಲಿ ಹೊಡೆದು ನೋಡಿರುತ್ತಾರಂತೆ. ನಿಜ. ಅಲ್ಲಿ ರಿವಾಲ್ವರಿಗೆ ಮಿತಿಗಿಂತ 30 ಶೇಕಡಾ ಹೆಚ್ಚಿನ ತೋಟಾದಿಂದ ಪರೀಕ್ಷೆ ಮಾಡುತ್ತಾರೆ. ಅದು ಒಂದು ಸಲದ ಪರೀಕ್ಷೆ, ಅದೂ 30 ಶೇಕಡಾ. ಇವನ ಕೈಲಿದ್ದದ್ದು ಎರಡು ಪಟ್ಟು. ಮೊದಲ ಈಡಿಗೆ ಏನೂ ಆಗದಿರಬಹುದು. ತಂತಿಯನ್ನು ಬಗ್ಗಿಸಿ ನೆಟ್ಟಗೆ ಮಾಡುತ್ತಾ ಹೋದರೆ ಮೊದಲ ಸಲಕ್ಕೇ ಮುರಿಯುತ್ತದಾ? ಉಕ್ಕಿನೊಳಗಿನ ಕೂದಲೆಳೆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹೊಡೆದ ಮೇಲೆ ಖಾಲಿ ಕೊಳವೆ ಗೂಡಿಗೆ ಕಚ್ಚಿಕೊಂಡು ಕಷ್ಟದಲ್ಲಿ ಹೊರಬಂದರೆ ಒತ್ತಡ ಜಾಸ್ತಿಯಾಗಿದೆ ಅಂತ ಅನುಮಾನ ಪಡಬೇಕು. ಸಲೀಸಾಗಿ ಬಂದರೆ ಎಲ್ಲ ಸರಿ ಇದೆ ಅಂತೇನಲ್ಲ.

ನಿನ್ನೆ ಮತ್ತೆ ಫೋನ್ ಮಾಡಿದ್ದ. ತನ್ನದಕ್ಕೆ ಮಾಮೂಲಿ ತೋಟಾ ತಂದಿದ್ದಾನೆ. ಆ ಡಬ್ಬಿಯನ್ನು ರುಗರ್ ಇರುವ ಗೆಳೆಯನಿಗೆ ಕೊಡಲು ಹೋಗಿದ್ದನಂತೆ. ಯಾವ ರುಗರ್ ಅಂತ ಕೇಳಿದೆ. ನ್ಯೂ ವಾಕೆರೋ ಅಂದ. ಅದು 2005ರಿಂದ ಬಂದದ್ದು, ಹಳೆ ವಾಕೆರೋಗಿಂತ ಸಣ್ಣ ಚೌಕಟ್ಟು, ಗಾತ್ರದಲ್ಲಿ ಕೋಲ್ಟ್‌ನ ಹತ್ತಿರ. ಬಿಸಿ ತೋಟಾ ಅದಕ್ಕೂ ಆಗುವುದಿಲ್ಲ. ಡಬ್ಬಿ ಈಗ ನಮ್ಮ ಹುಡುಗನ ಬೀರುವಿನಲ್ಲೇ ಇದೆ.